ವೆಬ್ ಸ್ಕ್ರೇಪಿಂಗ್: ಐಡಿ ಹೆಕ್ಕುವ ಕ್ರಮ

ಸ್ಕ್ರಿಪ್ಟ್ ಮೂಲಕ ವೆಬ್ ಪುಟ ತರಿಸಿಕೊಂಡು, ಅದರ ಎಚ್‌ಟಿಎಂಎಲ್ ಅಂಶಗಳ ಗುರುತುಗಳನ್ನು, ಅಂದರೆ ಐಡಿಗಳನ್ನು, ಹೆಕ್ಕುವ ವಿಧಾನ. ಪುಟದೊಳಗೆ ಒಂದು ಐಡಿ ಒಂದೇ ಅಂಶಕ್ಕೆ ಸೇರಬೇಕೆಂಬುದು ಎಚ್‌ಟಿಎಂಎಲ್ ನಿಯಮ. ಹಾಗಾಗಿ ಐಡಿ ಗೊತ್ತಿದ್ದರೆ ಪುಟದಲ್ಲಿ ಬೇಕಾದ ಕೋಷ್ಟಕವನ್ನು ನೇರವಾಗಿ ಹಿಡಿಯಬಹುದು.

ಶಿರಸಿ ತಾಲ್ಲೂಕಿನ ಭೈರುಂಬೆಯಂಥ ಅಡಿಕೆ ಸೀಮೆಯಲ್ಲಿ ಇದರ ಉಪಯೋಗ ಎದ್ದು ಕಾಣುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮಾರುಕಟ್ಟೆಗಳಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕ ಎಂದು ಒಂದೊಂದು ಬಗೆಗೂ ಬೇರೆ ಬೇರೆ ದರ, ಕ್ವಿಂಟಲ್ ಲೆಕ್ಕದಲ್ಲಿ. ಕೇಂದ್ರದ ಅಗ್‌ಮಾರ್ಕ್‌ನೆಟ್ ಮತ್ತು ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣಗಳು ಇಂಥ ದರಗಳನ್ನು ಪ್ರಕಟಿಸುತ್ತ ಬಂದಿವೆ. ಇಂದಿನ ದರ ನೋಡಲು ಕಣ್ಣು ಸಾಕು. ವರ್ಷಗಳ ಏರಿಳಿತ ಹೋಲಿಸಲು ಸ್ಕ್ರಿಪ್ಟ್ ಬೇಕು.

ಪೈಥಾನ್ ಭಾಷೆಯಲ್ಲಿ ರಿಕ್ವೆಸ್ಟ್ಸ್ ಎಂಬ ಲೈಬ್ರರಿ ಪುಟ ತರುತ್ತದೆ. ಲಿಯೊನಾರ್ಡ್ ರಿಚರ್ಡ್‌ಸನ್ 2004ರಲ್ಲಿ ಹೊರತಂದ ಬ್ಯೂಟಿಫುಲ್ ಸೂಪ್ ಅದನ್ನು ಬಿಡಿಸಿ, ಐಡಿ ಇರುವ ಅಂಶಗಳನ್ನೆಲ್ಲ ಕೊಡುತ್ತದೆ. ತೊಡಕು ಇರುವುದು ಐಡಿಗಳಲ್ಲೇ. ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್‌ನಲ್ಲಿ ಕಟ್ಟಿದ ತಾಣಗಳಲ್ಲಿ ಹೊರಗಿನ ಅಂಶದ ಹೆಸರು ಒಳಗಿನದಕ್ಕೆ ಅಡಿಗೆರೆಯಿಂದ ಸೇರಿಕೊಂಡು ಐಡಿ ತಾನಾಗಿ ಹುಟ್ಟುತ್ತದೆ. ವಿನ್ಯಾಸ ಬದಲಾದರೆ ಐಡಿಯೂ ಬದಲು, ಸ್ಕ್ರಿಪ್ಟ್ ಬರಿಗೈಯಲ್ಲಿ ಮರಳುತ್ತದೆ. ಜಾವಾಸ್ಕ್ರಿಪ್ಟ್ ಕೋಷ್ಟಕ ತುಂಬುವ ಪುಟಗಳಿಗೆ ಬ್ರೌಸರನ್ನೇ ನಡೆಸುವ ಸೆಲೆನಿಯಂನಂಥ ಸಾಧನ ಬೇಕಾಗಬಹುದು.

ಬೇಕಾಬಿಟ್ಟಿ ಕೋರಿಕೆ ಸಲ್ಲದು. ಯಾವ ಭಾಗಕ್ಕೆ ಯಂತ್ರಗಳ ಪ್ರವೇಶ ಬೇಡವೆಂದು ತಾಣದ ರೋಬೋಟ್ಸ್ ಕಡತ ಹೇಳುತ್ತದೆ. 1994ರಿಂದ ರೂಢಿಯಲ್ಲಿದ್ದ ಈ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಂತರಜಾಲ ಮಾನದಂಡ ದಾಖಲೆಯಾಗಿ ಪ್ರಕಟವಾಯಿತು. ಮಾರುಕಟ್ಟೆ ದರಗಳ ಮಟ್ಟಿಗೆ ಕೇಂದ್ರದ ಮುಕ್ತ ದತ್ತಾಂಶ ತಾಣದಲ್ಲಿ ಎಪಿಐ, ಅಂದರೆ ಸ್ಕ್ರಿಪ್ಟ್ ನೇರವಾಗಿ ದತ್ತಾಂಶ ಕೇಳಿ ಪಡೆಯುವ ದಾರಿ, ಇದೆ. ಸ್ಕ್ರೇಪಿಂಗ್‌ಗೆ ಕೈಹಾಕುವ ಮೊದಲು ಅದನ್ನು ನೋಡುವುದು ಒಳ್ಳೆಯದು.