ಪೂಲ್‌ನಿಂದ ಓಟಿವರೆಗೆ: ಬಾಳ್ಳುಪೇಟೆ ಸೀಮೆಯಲ್ಲಿ ಕಾನೂನು, ಕಾಫಿ ಮತ್ತು ಶಾಲೆ

ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಬಯಲು ಕರಗಿ ಮಲೆನಾಡು ಶುರುವಾಗುವ ಅಂಚಿನಲ್ಲಿದೆ ಬಾಳ್ಳುಪೇಟೆ. ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳ ಕಾಫಿ, ಮೆಣಸು, ಭತ್ತ, ಶುಂಠಿಯ ಬದುಕಿಗೆ ಇದು ನಡುವಿನ ಪೇಟೆ. ಈ ಸೀಮೆಯ ನೂರೈವತ್ತು ವರ್ಷಗಳ ಚರಿತ್ರೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಕಾನೂನು ಬದಲಾದಾಗಲೆಲ್ಲ ವ್ಯಾಪಾರ ಬದಲಾಗಿದೆ, ಲಾಭ ಮಾತ್ರ ಹೆಚ್ಚಾಗಿ ಕಾಗದ ಓದಬಲ್ಲವರ ಪಾಲಾಗಿದೆ.

ಮಂಜರಾಬಾದಿನ ಕಾಲ

ಇಂದಿನ ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂದು ಹೆಸರು. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯ ಹೆಸರೂ ಅದೇ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಯುರೋಪಿನ ಪ್ಲಾಂಟರುಗಳು ಇಲ್ಲಿ ಕಾಡು ಸವರಿ ಎಸ್ಟೇಟು ಮಾಡಿದರು. ಅವರಲ್ಲಿ ಒಬ್ಬರಾದ ರಾಬರ್ಟ್ ಎಲಿಯಟ್ ತಮ್ಮ ಅನುಭವವನ್ನು 1871ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಊರಿನ ಗೌಡರೂ ಮನೆಯ ಹಿಂದಿನ ಇಳಿಜಾರಿನಲ್ಲಿ ಕಾಫಿ ಹಾಕಿಕೊಂಡಿದ್ದರು. ಆದರೆ ಸರ್ಕಾರಕ್ಕೆ ಅರ್ಜಿ ಬರೆಯಲು, ಸುಂಕದ ತಕರಾರು ಎತ್ತಲು, ಲಂಡನ್ನಿನ ದರ ತಿಳಿಯಲು ಪ್ಲಾಂಟರಿಗೆ ಅಕ್ಷರವಿತ್ತು, ಸಂಘವಿತ್ತು. ದಕ್ಷಿಣ ಭಾರತದ ಪ್ಲಾಂಟರುಗಳ ಒಕ್ಕೂಟ ಉಪಾಸಿ ಹುಟ್ಟಿದ್ದು 1893ರಲ್ಲಿ. ಸಣ್ಣ ಬೆಳೆಗಾರನಿಗೆ ಇದ್ದದ್ದು ಶಾನುಭೋಗರು ಮತ್ತು ಸಾಹುಕಾರರು ಮಾತ್ರ.

ವಿದ್ಯೆ ತೋಟದೊಳಕ್ಕೆ ಬಂದದ್ದು ಮೊದಲು ಸಂಶೋಧನೆಯ ರೂಪದಲ್ಲಿ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಎಲೆ ತುಕ್ಕು ರೋಗ ತಡೆದುಕೊಳ್ಳಲೆಂದು ಅಲ್ಲಿ ಬೆಳೆಸಿದ ಎಸ್.795 ತಳಿ ಇಂದಿಗೂ ಅರೇಬಿಕಾ ತೋಟಗಳಲ್ಲಿ ಉಳಿದಿದೆ.

ಪೂಲ್ ದಿನಗಳು

ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿ ದರ ಕುಸಿದಾಗ 1942ರ ಕಾಫಿ ಕಾಯ್ದೆ ಬಂತು. ಬೀಜಕ್ಕೆ ಮತ್ತು ಮನೆ ಖರ್ಚಿಗೆ ಬಿಟ್ಟು ಉಳಿದ ಫಸಲನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು. ಬೋರ್ಡೇ ಸಂಸ್ಕರಣೆ ಮಾಡಿಸಿ, ಹರಾಜು ಹಾಕಿ, ಹಣವನ್ನು ಕಂತಿನಲ್ಲಿ ಕೊಡುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಫಸಲು ಕಣದಲ್ಲಿರುತ್ತಿತ್ತು. ಬೈಗುಳ ಎಷ್ಟೇ ಇರಲಿ, ಆ ಕಾನೂನು ಸಣ್ಣವರಿಗೂ ದೊಡ್ಡವರಿಗೂ ಒಂದೇ ಲೆಕ್ಕದ ದರ ಕೊಟ್ಟಿತು. ದರ ಚೌಕಾಸಿ ಮಾಡುವ ಕಷ್ಟವೂ ಇರಲಿಲ್ಲ, ಕಲಿಯುವ ಅಗತ್ಯವೂ ಇರಲಿಲ್ಲ.

ಇದೇ ಕಾಲದಲ್ಲಿ ಇನ್ನೆರಡು ಕಾಯ್ದೆಗಳು ಬಂದವು. 1951ರ ತೋಟ ಕಾರ್ಮಿಕರ ಕಾಯ್ದೆಯು ಲೈನು ಮನೆ, ಔಷಧ, ಶಿಶುವಿಹಾರದ ಜೊತೆಗೆ ಕಾರ್ಮಿಕರ ಮಕ್ಕಳ ಶಾಲೆಯನ್ನೂ ಮಾಲೀಕರ ಹೊಣೆಗೆ ತಂದಿತು. ಅದು ದೊಡ್ಡ ಎಸ್ಟೇಟುಗಳಿಗೆ ಅನ್ವಯಿಸಿತೇ ಹೊರತು ಐದಾರು ಎಕರೆಯ ತೋಟಗಳಲ್ಲಿ ದುಡಿಯುವವರಿಗೆ ಅಲ್ಲ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ಹಲ್ಲು ಕೊಟ್ಟಿತು. ಗೇಣಿ ಗದ್ದೆ ಉಳುವವನದಾಯಿತು. ಕಾಫಿ ತೋಟ ಮಾತ್ರ 104ನೇ ಕಲಮಿನ ಬಲದಿಂದ ಭೂಮಿತಿಯ ಹೊರಗುಳಿಯಿತು. ಗೇಣಿದಾರ ಫಾರಂ ನಂ. 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ತುಂಬಿಸಿಕೊಡುವವರು ಸಿಕ್ಕವನು ರೈತನಾದ, ಸಿಗದವನು ಕೂಲಿಯಾಗಿಯೇ ಉಳಿದ.

ಮುಕ್ತ ಮಾರುಕಟ್ಟೆ

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಪೂಲ್ 1996ರಲ್ಲಿ ಪೂರ್ತಿ ನಿಂತಿತು. ಬೆಳೆಗಾರ ತನ್ನ ಮೂಟೆಯನ್ನು ಯಾರಿಗೆ ಬೇಕಾದರೂ ಮಾರಬಹುದಾಯಿತು. ಕಾಫಿ ಕೊಳ್ಳುವ ಅಂಗಡಿಗಳು ಹುಟ್ಟಿಕೊಂಡವು, ಹಣ ಕೈಗೆ ಬೇಗ ಬಂತು. ಜೊತೆಗೆ ಹೊಸ ಲೆಕ್ಕವೂ ಬಂತು: ಓಟಿ, ಅಂದರೆ ಔಟ್‌ಟರ್ನ್.

ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ತಂದ ರೈತನ ಮೂಟೆಯಿಂದ ವ್ಯಾಪಾರಿ ಮಾದರಿ ತೆಗೆಯುತ್ತಾನೆ. ತೇವ ನೋಡುತ್ತಾನೆ, ಸಣ್ಣ ಯಂತ್ರದಲ್ಲಿ ಸಿಪ್ಪೆ ಬಿಡಿಸಿ ಕಾಳು ತೂಗುತ್ತಾನೆ. 50 ಕಿಲೋ ಚೆರಿಗೆ 26 ಕಿಲೋ ಕಾಳು ಬಿದ್ದರೆ 26 ಓಟಿ. ಲೆಕ್ಕಕ್ಕೆಂದು ಒಂದು ಓಟಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ: 26ಕ್ಕೆ ಮೂಟೆಗೆ 7,800, 28 ಬಂದರೆ 8,400. ನೂರು ಮೂಟೆಗೆ ಅರವತ್ತು ಸಾವಿರದ ವ್ಯತ್ಯಾಸ. ಮನೆಯಲ್ಲೇ ಮಾದರಿ ನೋಡಿಕೊಂಡು ಬಂದ ರೈತ ವಾದಿಸುತ್ತಾನೆ. ಉಳಿದವರು ಚೀಟಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ.

ಇಂದಿನ ಕಾಗದಗಳು

ಈಗ ಕಾಗದ ಇನ್ನೂ ದೂರದಿಂದ ಬರುತ್ತಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಂತೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ತೋಟ ಎಲ್ಲಿದೆ ಎಂದು ಉಪಗ್ರಹದ ನಿರ್ದೇಶಾಂಕ ಸಮೇತ ತೋರಿಸಬೇಕು. ಜಾರಿ ಎರಡು ಬಾರಿ ಮುಂದೆ ಹೋಗಿದೆ, ರದ್ದಾಗಿಲ್ಲ. ನಮ್ಮ ಕಾಫಿಗೆ ಇಟಲಿ, ಜರ್ಮನಿಗಳೇ ದೊಡ್ಡ ಗಿರಾಕಿಗಳಾಗಿರುವುದರಿಂದ ಇದು ಬಾಳ್ಳುಪೇಟೆಯ ಪಹಣಿಯವರೆಗೂ ಬರುವ ವಿಷಯ. ದೇಶದೊಳಗಿನ ಕಾಗದಗಳೂ ಇವೆ. 2019ರಲ್ಲಿ ಭಾರತದ ಐದು ಕಾಫಿಗಳಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಪಟ್ಟಿಯಲ್ಲಿವೆ, ಹಾಸನದ ಹೆಸರಿಲ್ಲ. ಸಾಲ ತೀರಿಸದವರ ಆಸ್ತಿ ಹರಾಜಿಗೆ ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಕಾಫಿ ತೋಟ ಕೃಷಿ ಭೂಮಿಯೇ ಎಂಬ ಜಗಳ ಬೆಳೆಗಾರರ ಸಂಘಗಳ ಬಾಯಲ್ಲಿ ಇನ್ನೂ ಇದೆ.

ಶಾಲೆ ಇದಕ್ಕೆಲ್ಲ ಏನು ಮಾಡಿದೆ? ಬೆಳೆಗಾರರ ಮಕ್ಕಳನ್ನು ಹಾಸನ, ಮಂಗಳೂರು, ಮೈಸೂರಿನ ಹಾಸ್ಟೆಲುಗಳಿಗೆ, ಅಲ್ಲಿಂದ ಬೆಂಗಳೂರಿನ ಕೆಲಸಕ್ಕೆ ಕಳಿಸಿದೆ. ತೋಟದಲ್ಲಿ ಅವರ ಜಾಗವನ್ನು ವಯಸ್ಸಾದ ಅಪ್ಪ ಅಮ್ಮ ಮತ್ತು ಅಸ್ಸಾಮಿನಿಂದ ಬಂದ ಕಾರ್ಮಿಕರು ತುಂಬಿದ್ದಾರೆ. ಆ ಕಾರ್ಮಿಕರ ಮಕ್ಕಳಿಗೂ 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗೆ ಉಚಿತ ಶಾಲೆಯ ಭರವಸೆ ಕೊಡುತ್ತದೆ. ಫಸಲು ಮುಗಿದೊಡನೆ ಕುಟುಂಬ ಊರು ಬಿಟ್ಟರೆ ಆ ಭರವಸೆ ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ.

ಕಾನೂನು ದೆಹಲಿಯಲ್ಲೋ ಬ್ರಸೆಲ್ಸ್‌ನಲ್ಲೋ ಆಗುತ್ತದೆ, ದರ ಲಂಡನ್, ನ್ಯೂಯಾರ್ಕ್‌ನಲ್ಲಿ ನಿಲ್ಲುತ್ತದೆ. ಕಾನೂನು, ದರ, ಶಾಲೆ ಈ ಮೂರರಲ್ಲಿ ನಮ್ಮ ಕೈಯಲ್ಲಿರುವುದು ಶಾಲೆಯೊಂದೇ. ಈ ಸೀಮೆಯ ಪ್ರೌಢಶಾಲೆಗಳ ಗಣಿತದ ತರಗತಿಯಲ್ಲಿ ಓಟಿ ಲೆಕ್ಕವನ್ನೂ ಸಮಾಜ ವಿಜ್ಞಾನದಲ್ಲಿ ಪಹಣಿ ಓದುವುದನ್ನೂ ಹೇಳಿಕೊಡಲು ಹೊಸ ಕಾಯ್ದೆ ಬೇಕಿಲ್ಲ. ಮೇಷ್ಟ್ರುಗಳೂ ಬೆಳೆಗಾರರ ಸಂಘಗಳೂ ಕೂತು ಮಾತಾಡಿದರೆ ಮುಂದಿನ ಜೂನ್‌ನಲ್ಲೇ ಶುರು ಮಾಡಬಹುದು.