ಮಿನಿ ಟ್ರ್ಯಾಕ್ಟರ್ ಸಾಗಾಟ: ಏರಿಸುವುದರಿಂದ ಇಳಿಸುವವರೆಗೆ

ಸುಮಾರು 15ರಿಂದ 30 ಅಶ್ವಶಕ್ತಿಯ ಟ್ರ್ಯಾಕ್ಟರುಗಳಿಗೆ ನಮ್ಮಲ್ಲಿ ಮಿನಿ ಟ್ರ್ಯಾಕ್ಟರ್ ಎಂಬ ಹೆಸರು ನಿಂತಿದೆ. ವಿಜಯಪುರದ ದ್ರಾಕ್ಷಿ ಪಡ, ಮಲೆನಾಡಿನ ಅಡಿಕೆ ತೋಟ, ಬಯಲುಸೀಮೆಯ ದಾಳಿಂಬೆ ಸಾಲು, ಹೀಗೆ ದೊಡ್ಡ ಟ್ರ್ಯಾಕ್ಟರ್ ನುಗ್ಗಲಾರದ ಕಡೆಯೆಲ್ಲ ಇವುಗಳದೇ ಕೆಲಸ. ಪಕ್ಕದ ಹೊಲಕ್ಕೆ, ನೆರೆಯ ಊರಿಗೆ ಇವು ತಮ್ಮ ಗಾಲಿಯ ಮೇಲೇ ಹೋಗುತ್ತವೆ. ಷೋರೂಮಿನಿಂದ ಊರಿಗೆ, ಊರಿನಿಂದ ರಿಪೇರಿಗೆ, ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಿಂದ ದೂರದ ತೋಟಕ್ಕೆ, ಧಾರವಾಡದ ಅಥವಾ ಬೆಂಗಳೂರಿನ ಜಿಕೆವಿಕೆಯ ಕೃಷಿ ಮೇಳಕ್ಕೆ ಹೋಗಬೇಕಾದರೆ ಮಾತ್ರ ಪಿಕಪ್ಪೋ ಟ್ರೇಲರೋ ಬೇಕಾಗುತ್ತದೆ.

ಏರಿಸಿ ಕಟ್ಟಿದ ಮೇಲೆ ಎಲ್ಲರೂ ಒಮ್ಮೆ ಹಗ್ಗವನ್ನು ಜಗ್ಗಿ ನೋಡುತ್ತಾರೆ. ಬಿಗಿಯಾಗಿದ್ದರೆ ಗಾಡಿ ಹೊರಟಿತು. ಆದರೆ ಟ್ರ್ಯಾಕ್ಟರ್ ಜಾರುವುದಕ್ಕೆ, ಉರುಳುವುದಕ್ಕೆ ಹಗ್ಗವೊಂದೇ ಕಾರಣವಲ್ಲ. ಆ ಹಗ್ಗದ ಎರಡು ತುದಿ ಎಲ್ಲಿ ಸಿಕ್ಕಿಕೊಂಡಿವೆ, ಅದು ಯಾವ ದಿಕ್ಕಿಗೆ ಎಳೆಯುತ್ತಿದೆ ಎಂಬ ಎರಡು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಈ ಲೇಖನದ ಹೆಚ್ಚಿನ ಭಾಗ ಆ ಎರಡು ಪ್ರಶ್ನೆಗಳ ಕುರಿತೇ ಇದೆ.

ತೂಕ ಎಷ್ಟು, ಗಾಡಿ ಯಾವುದು

ಕುಬೋಟಾ ನಿಯೋಸ್ಟಾರ್ ಬಿ2441 ಸುಮಾರು 630 ಕೆ.ಜಿ. ತೂಗುತ್ತದೆ; ಮಹೀಂದ್ರಾ ಯುವರಾಜ್ 215 ಸುಮಾರು 780 ಕೆ.ಜಿ. ಇದು ಬರೀ ಟ್ರ್ಯಾಕ್ಟರಿನ ತೂಕ. ಹಿಂದೆ ರೋಟವೇಟರ್ ಇದ್ದರೆ ಅದೇ 200 ಕೆ.ಜಿ. ದಾಟಬಹುದು. ಮುಂದೆ ತೂಗುಹಾಕಿದ ಕಬ್ಬಿಣದ ವೇಟು, ಟೈರಿಗೆ ತುಂಬಿದ ನೀರು, ಟ್ಯಾಂಕಿನ ಡೀಸೆಲ್, ಎಲ್ಲವನ್ನೂ ಕೂಡಿಸಿದರೆ ಹಗುರ ಟ್ರ್ಯಾಕ್ಟರೂ 900 ಕೆ.ಜಿ. ಮುಟ್ಟೀತು. ಟಾಟಾ ಏಸ್ ಹೊರಬಲ್ಲದ್ದು ಮಾದರಿಗೆ ತಕ್ಕಂತೆ 700–750 ಕೆ.ಜಿ.ಯ ಆಸುಪಾಸು. ಹಾಗಾಗಿ ಹಗುರ ಟ್ರ್ಯಾಕ್ಟರ್ ಒಂದೇ ಆದರೆ ಹೇಗೋ ಲೆಕ್ಕ ಕೂಡುತ್ತದೆ, ರೋಟವೇಟರ್ ಸೇರಿದರೆ ಕೂಡುವುದಿಲ್ಲ. 1.3 ಟನ್ನಿನಿಂದ ಮೇಲಿನ ಬೊಲೆರೊ ಪಿಕಪ್‌ನಂಥ ಗಾಡಿಯೇ ಇದಕ್ಕೆ ತಕ್ಕದ್ದು.

ಮೋಟಾರು ವಾಹನ ಕಾಯ್ದೆಯ 194ನೇ ಕಲಂ 2019ರ ತಿದ್ದುಪಡಿಯ ನಂತರ ಬಿಗಿಯಾಗಿದೆ. ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಭಾರ ಇಳಿಸುವ ಖರ್ಚೂ ನಮ್ಮದೇ. ಸರಕು ಬಾಡಿಯಿಂದ ಪಕ್ಕಕ್ಕೋ ಹಿಂದಕ್ಕೋ ಚಾಚಿಕೊಂಡಿದ್ದರೂ ದಂಡ 20,000. ಹಿಂದಿನ ಡೋರ್ ತೆರೆದಿಟ್ಟು, ರೋಟವೇಟರನ್ನು ಹೊರಗೆ ನೇತಾಡಿಸಿಕೊಂಡು ಹೋಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಏರಿಸುವಾಗ

ಸಾಗಾಟದಲ್ಲಿ ಅಪಾಯ ಹೆಚ್ಚಿರುವುದು ರಸ್ತೆಯಲ್ಲಿ ಎಂದುಕೊಳ್ಳುತ್ತೇವೆ. ಗಾಡಿ ಇನ್ನೂ ಹೊರಟೇ ಇರದ ಈ ಹತ್ತು ನಿಮಿಷವೂ ಅಷ್ಟೇ ಅಪಾಯದ್ದು.

ಹಳ್ಳಿಯಲ್ಲಿ ರ್‍ಯಾಂಪ್ ಯಾರ ಬಳಿ ಇರುತ್ತದೆ? ಗಾಡಿಯನ್ನು ಬದುವಿಗೋ ರಸ್ತೆ ಪಕ್ಕದ ದಿಣ್ಣೆಗೋ ಹಿಮ್ಮುಖವಾಗಿ ಒಡ್ಡಿ, ನಡುವೆ ಹಲಗೆ ಹಾಕಿ ಟ್ರ್ಯಾಕ್ಟರನ್ನು ನೇರ ಒಳಗೆ ಓಡಿಸುವುದು ರೂಢಿ. ದಿಣ್ಣೆಯ ಮಣ್ಣು ಗಟ್ಟಿಯಾಗಿದ್ದು, ಎತ್ತರ ಸರಿಹೊಂದಿದರೆ ಇದು ರ್‍ಯಾಂಪಿಗಿಂತ ವಾಸಿ, ಏಕೆಂದರೆ ಹತ್ತಬೇಕಾದ ಇಳಿಜಾರೇ ಇರುವುದಿಲ್ಲ. ಮಳೆ ಬಿದ್ದ ಮಾರನೆಯ ದಿನ ಮಾತ್ರ ಬೇಡ. ಭಾರ ಬಿದ್ದಾಗ ದಿಣ್ಣೆಯ ಅಂಚು ಕುಸಿಯುತ್ತದೆ.

ರ್‍ಯಾಂಪ್ ಬಳಸುವುದಾದರೆ ಅದರ ಉದ್ದ ಮುಖ್ಯ. ಗಾಡಿಯ ತಳ ನೆಲದಿಂದ ಮೂರು ಅಡಿ ಎತ್ತರವಿದ್ದು ರ್‍ಯಾಂಪ್ ಹತ್ತು ಅಡಿ ಇದ್ದರೆ ಏರು ಸುಮಾರು 17 ಡಿಗ್ರಿ. ಆರು ಅಡಿಯದಾದರೆ 30 ಡಿಗ್ರಿ. ಅದನ್ನು ಹತ್ತಿಸಲು ಹೋಗಲೇಬಾರದು. ರ್‍ಯಾಂಪಿನ ಮೇಲ್ತುದಿಯನ್ನು ಗಾಡಿಗೆ ಕೊಂಡಿಯಿಂದಲೋ ಸರಪಳಿಯಿಂದಲೋ ಬಿಗಿದಿರಬೇಕು. ಟ್ರ್ಯಾಕ್ಟರ್ ಮೇಲಕ್ಕೆ ಹತ್ತುವಾಗ ಅದರ ಗಾಲಿ ರ್‍ಯಾಂಪನ್ನು ಹಿಂದಕ್ಕೆ ಒದೆಯುತ್ತದೆ. ಕಟ್ಟದೆ ಬರೀ ಆನಿಸಿಟ್ಟ ಹಲಗೆ ಆ ಒದೆತಕ್ಕೆ ಜಾರಿ ಬೀಳುತ್ತದೆ, ಅದೂ ಅರ್ಧ ಹತ್ತಿದ ಮೇಲೆ.

ಮುಂದಾಗಿ ಹತ್ತಿಸಬೇಕೋ ಹಿಮ್ಮುಖವಾಗಿಯೋ? ಟ್ರ್ಯಾಕ್ಟರಿನ ಭಾರ ಹೆಚ್ಚಾಗಿ ಹಿಂದಿನ ಆಕ್ಸಲ್ ಮೇಲಿದೆ. ಹಿಂದೆ ರೋಟವೇಟರ್ ಇದ್ದರಂತೂ ಹೇಳುವುದೇ ಬೇಡ. ಮೂತಿ ಮೇಲೆ ಮಾಡಿ ಕಡಿದಾದ ಏರು ಹತ್ತಿಸಿದರೆ ಮುಂಗಾಲಿ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಅದಕ್ಕೇ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಬೇಕೆಂದು ತಯಾರಕರ ಕೈಪಿಡಿಗಳು ಹೇಳುತ್ತವೆ. ಇದರಿಂದ ಇನ್ನೊಂದು ಲಾಭವೂ ಇದೆ: ಭಾರದ ತುದಿ ಪಿಕಪ್ಪಿನ ಕ್ಯಾಬಿನ್ ಕಡೆಗೆ ಬಂದು ಕೂರುತ್ತದೆ. ಆದರೆ ಹಿಂಗಾಲಿಗೆ ಮಾತ್ರ ಶಕ್ತಿ ಹೋಗುವ ಟ್ರ್ಯಾಕ್ಟರ್ ಹಿಮ್ಮುಖವಾಗಿ ಹತ್ತುವಾಗ ಹಿಡಿತ ಕಳೆದುಕೊಂಡು ಜಾರುವುದುಂಟು. ನಾಲ್ಕು ಗಾಲಿಯ ಡ್ರೈವ್ ಇದ್ದರೆ ಅದನ್ನು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಉಪಕರಣವನ್ನು ಬಿಚ್ಚಿಟ್ಟು, ಏರನ್ನು ಇನ್ನಷ್ಟು ತಗ್ಗಿಸುವುದೇ ದಾರಿ.

ಹತ್ತಿಸುವ ಮುನ್ನ ಬಗ್ಗಿ ಬ್ರೇಕ್ ಪೆಡಲುಗಳನ್ನು ನೋಡಿ. ಹೊಲದಲ್ಲಿ ಗಿಡ್ಡ ತಿರುವು ತೆಗೆದುಕೊಳ್ಳಲೆಂದು ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಬ್ರೇಕ್ ಇರುತ್ತದೆ. ಎರಡನ್ನೂ ಜೋಡಿಸುವ ಪುಟ್ಟ ಪಟ್ಟಿ ಉಳುಮೆಯ ದಿನಗಳಲ್ಲಿ ಮೇಲೆ ಮಡಚಿಯೇ ಇರುತ್ತದೆ. ಅದನ್ನು ಹಾಕದೆ ರ್‍ಯಾಂಪಿನ ಮೇಲೆ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಆ ಬದಿಗೆ ತಿರುಗಿ ಹಲಗೆಯಿಂದ ಕೆಳಗಿಳಿಯುತ್ತದೆ. ಗೇರ್ ಲೋ ರೇಂಜಿನಲ್ಲಿರಲಿ; ನಡುವೆ ಗೇರ್ ಬದಲಿಸುವುದಾಗಲಿ ಕ್ಲಚ್ ಒತ್ತುವುದಾಗಲಿ ಬೇಡ. ಪಕ್ಕದಲ್ಲಿ ನಿಂತು ಕೈಜೋಡಿಸುವವರು, ಹಿಂದಿನಿಂದ ತಳ್ಳುವವರು ದೂರ ನಿಲ್ಲಲಿ.

ಹಗುರ ಪಿಕಪ್ ಆದರೆ ಟ್ರ್ಯಾಕ್ಟರ್ ಅದರ ಹಿಂಬದಿಯ ಅಂಚಿಗೆ ಬಂದ ಕ್ಷಣ ಪಿಕಪ್ಪಿನ ಮೂತಿ ಮೇಲೇಳುತ್ತದೆ. ಹಿಂಬದಿಯ ಚಾಸಿಯ ಕೆಳಗೆ ಮರದ ದಿಮ್ಮಿ ಕೊಟ್ಟು, ಗಾಲಿಗೆ ಕಲ್ಲು ಇಟ್ಟು ಆಮೇಲೆ ಹತ್ತಿಸಬೇಕು. ಎರಡೇ ಗಾಲಿಯ ಟ್ರೇಲರನ್ನು ಎಳೆಯುವ ಗಾಡಿಯಿಂದ ಬಿಚ್ಚಿಟ್ಟು ಹತ್ತಿಸುವುದು ಎಂದಿಗೂ ಸಲ್ಲ.

ಎಷ್ಟು ಬಲ ತಡೆಯಬೇಕು

"ಅಷ್ಟು ಭಾರದ್ದು ಎಲ್ಲಿಗೆ ಹೋಗುತ್ತದೆ" ಎಂಬ ಮಾತು ಕೇಳಿಬರುತ್ತದೆ. ಭಾರ ಹೆಚ್ಚಾದಷ್ಟೂ ಅದನ್ನು ತಡೆಯುವ ಬಲವೂ ಹೆಚ್ಚು ಬೇಕು ಎಂಬುದು ಸತ್ಯ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಸುಮಾರು 12 ಮೀಟರಿನಲ್ಲಿ ನಿಲ್ಲಬೇಕಾದರೆ ಒಳಗಿನ ಸರಕು ತನ್ನ ತೂಕದ ಶೇಕಡಾ 80ರಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಅಮೆರಿಕದ ಸಾರಿಗೆ ನಿಯಮಗಳೂ ಯುರೋಪಿನ ಇಎನ್ 12195 ಮಾನದಂಡವೂ ಇದೇ ಲೆಕ್ಕ ಹಿಡಿಯುತ್ತವೆ: ಮುಂದಕ್ಕೆ ತೂಕದ 0.8 ಪಾಲು, ಹಿಂದಕ್ಕೆ 0.5, ಪಕ್ಕಕ್ಕೆ 0.5.

ಪಕ್ಕದ 0.5 ಪಾಲು ಎಂದರೆ ವಿಪರೀತ ವೇಗವೇನಲ್ಲ. 25 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿ.ಮೀ.ಯಲ್ಲಿ ತೆಗೆದುಕೊಂಡರೆ ಅಷ್ಟು ಬಲ ಹುಟ್ಟುತ್ತದೆ. ಘಾಟಿಯ ಹೇರ್‌ಪಿನ್ 12 ಮೀಟರ್ ತ್ರಿಜ್ಯದ್ದಾಗಿದ್ದರೆ 28 ಕಿ.ಮೀ. ಸಾಕು. ಆಗುಂಬೆಯಲ್ಲಿ ಇಂಥ ಹೇರ್‌ಪಿನ್ ತಿರುವುಗಳು 14.

ಈಗ 900 ಕೆ.ಜಿ.ಯ ಟ್ರ್ಯಾಕ್ಟರಿಗೆ ಲೆಕ್ಕ ಹಾಕೋಣ. ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುವ ಬಲ 720 ಕೆ.ಜಿ. ಅದನ್ನು ಹಿಂದಕ್ಕೆ ಎಳೆದಿರುವ ಎರಡು ಬೆಲ್ಟುಗಳು ಹಂಚಿಕೊಂಡರೆ ತಲಾ 360. ಆದರೆ ಬೆಲ್ಟ್ ನೇರವಾಗಿ ಹಿಂದಕ್ಕೆ ಎಳೆಯುತ್ತಿಲ್ಲ. ಅದು ಸುಮಾರು 45 ಡಿಗ್ರಿ ಕೆಳಕ್ಕೆ, 30 ಡಿಗ್ರಿ ಪಕ್ಕಕ್ಕೆ ವಾಲಿರುತ್ತದೆ. ಆ ವಾಲಿನಲ್ಲಿ ಅದರ ಬಲದ ಶೇಕಡಾ 61 ಮಾತ್ರ ಹಿಂದೆಳೆಯಲು ಸಿಗುತ್ತದೆ. ಹಾಗಾಗಿ ಒಂದೊಂದು ಬೆಲ್ಟ್ ಮೇಲೆ ಬೀಳುವುದು ಸುಮಾರು 590 ಕೆ.ಜಿ. ಒಂದು ಟನ್ ಕೆಲಸದ ಮಿತಿಯ ಬೆಲ್ಟ್ ಇದನ್ನು ಆರಾಮಾಗಿ ತಡೆಯುತ್ತದೆ. ಬೆಲ್ಟನ್ನು ಇನ್ನೂ ಕಡಿದಾಗಿ, ಬಹುತೇಕ ನೆಟ್ಟಗೆ ಕೆಳಕ್ಕೆ ಕಟ್ಟಿದರೆ ಈ ಲೆಕ್ಕ ಬುಡಮೇಲಾಗುತ್ತದೆ. ಅದು ಟ್ರ್ಯಾಕ್ಟರನ್ನು ತಳಕ್ಕೆ ಒತ್ತುತ್ತದೆ, ಹಿಂದಕ್ಕೆ ಹಿಡಿಯುವುದಿಲ್ಲ. ಟೈರು ಮತ್ತು ಕಬ್ಬಿಣದ ತಳದ ನಡುವಿನ ಘರ್ಷಣೆಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಕೆಸರು ಮೆತ್ತಿದ ಟೈರು, ಮಳೆಗೆ ನೆನೆದ ತಗಡು ಸೇರಿದರೆ ಅದನ್ನು ನಂಬಿ ಕೂರುವಂತಿಲ್ಲ.

ಹಗ್ಗ, ಬೆಲ್ಟ್, ಸರಪಳಿ

ನೈಲಾನ್ ಹಗ್ಗ ಎಲ್ಲ ಲಾರಿಯಲ್ಲೂ ಇರುತ್ತದೆ. ಹುಲ್ಲಿನ ಹೊರೆಗೆ ಅದು ಸರಿ. ಭಾರಕ್ಕೆ ಹಿಗ್ಗುವ, ಗಂಟಿನ ಜಾಗದಲ್ಲಿ ಬಲ ಕಳೆದುಕೊಳ್ಳುವ, ಬಿಸಿಲಿಗೆ ಸೊರಗುವ ವಸ್ತುವಿಗೆ ಟ್ರ್ಯಾಕ್ಟರನ್ನು ಒಪ್ಪಿಸಬಾರದು.

ಪಾಲಿಯೆಸ್ಟರಿನ ರ್‍ಯಾಚೆಟ್ ಬೆಲ್ಟ್ ಮಿನಿ ಟ್ರ್ಯಾಕ್ಟರಿಗೆ ಸಾಕು, 50 ಮಿ.ಮೀ. ಅಗಲದ್ದಾದರೆ ಒಳ್ಳೆಯದು. ಅದಕ್ಕೆ ಹೊಲಿದ ಚೀಟಿಯನ್ನು ಓದಿಯೇ ಕೊಳ್ಳಬೇಕು. ಅಂಗಡಿಯವರು ದೊಡ್ಡ ಅಕ್ಷರದಲ್ಲಿ ಹೇಳುವುದು ಹರಿಯುವ ಮಿತಿ. ನಮಗೆ ಬೇಕಾದ್ದು ಕೆಲಸದ ಮಿತಿ. ಅಮೆರಿಕದ ಪದ್ಧತಿಯಲ್ಲಿ ಕೆಲಸದ ಮಿತಿ ಹರಿಯುವ ಮಿತಿಯ ಮೂರನೇ ಒಂದು ಪಾಲು. ಯುರೋಪಿನ ಚೀಟಿಯಲ್ಲಿ ಇದು ಎಲ್‌ಸಿ ಎಂಬ ಗುರುತಿನ ಮುಂದೆ ಡೆಕಾನ್ಯೂಟನ್ ಲೆಕ್ಕದಲ್ಲಿರುತ್ತದೆ. ಒಂದು ಡೆಕಾನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಕೆ.ಜಿ. ಭಾರ. ಚೀಟಿಯೇ ಇಲ್ಲದ ಬೆಲ್ಟ್, ಅಂಚಿನಲ್ಲಿ ಅಗಲದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಹರಿದ ಬೆಲ್ಟ್, ಬಾಯಿ ಅಗಲಿಸಿದ ಕೊಕ್ಕೆ ಇವೆಲ್ಲ ಗುಜರಿಗೆ. ಹರಿದುದನ್ನು ಗಂಟು ಹಾಕಿ ಮತ್ತೆ ಬಳಸಬಾರದು.

ಸರಪಳಿ ಹಿಗ್ಗುವುದಿಲ್ಲ, ಚೂಪು ಅಂಚಿಗೆ ಹೆದರುವುದಿಲ್ಲ. ಸಾಗಾಟದ ಸರಪಳಿಯ ಕೊಂಡಿಗಳ ಮೇಲೆ ದರ್ಜೆ ಅಚ್ಚೊತ್ತಿರುತ್ತದೆ. ಅಮೆರಿಕದ 70ನೇ ದರ್ಜೆಯ 5/16 ಅಂಗುಲದ ಸರಪಳಿಗೆ 4,700 ಪೌಂಡ್, ಅಂದರೆ 2,130 ಕೆ.ಜಿ. ಕೆಲಸದ ಮಿತಿ. ಕಬ್ಬಿಣದಂಗಡಿಯಲ್ಲಿ ತೂಕಕ್ಕೆ ಸಿಗುವ ಸರಪಳಿಗೆ ಇಂಥ ಗುರುತಿಲ್ಲದಿದ್ದರೆ ಅದು ಗೇಟಿಗೆ ಬೀಗ ಹಾಕಲು ಮಾತ್ರ.

ಎರಡೂ ತುದಿ ಎಲ್ಲಿಗೆ

ಪಿಕಪ್ಪಿನ ಬಾಡಿಯ ಪಕ್ಕಗಳಲ್ಲಿ, ಹೊರಗೆ, ಬೆರಳು ಗಾತ್ರದ ಕಬ್ಬಿಣದ ಕೊಕ್ಕೆಗಳು ಸಾಲಾಗಿರುತ್ತವೆ. ಇವು ಇರುವುದು ತಾಡಪಾಲಿನ ಹಗ್ಗ ಸುತ್ತಲು. ತೆಳು ತಗಡಿಗೆ ಬೆಸುಗೆ ಹಾಕಿದ ಈ ಕೊಕ್ಕೆಗೆ 590 ಕೆ.ಜಿ.ಯ ಜಗ್ಗು ಬಿದ್ದರೆ ಕೊಕ್ಕೆಯಷ್ಟೇ ಅಲ್ಲ, ಅದು ಅಂಟಿದ್ದ ತಗಡೂ ಕಿತ್ತು ಬರುತ್ತದೆ. ಎರಡು ಟನ್ನಿನ ಬೆಲ್ಟ್ ತಂದು ಈ ಕೊಕ್ಕೆಗೆ ಸಿಕ್ಕಿಸಿದರೆ ನಮ್ಮ ಕಟ್ಟಿನ ಬಲ ಎರಡು ಟನ್ ಅಲ್ಲ, ಆ ಕೊಕ್ಕೆಯ ಬಲ ಎಷ್ಟೋ ಅಷ್ಟೇ. ಬೆಸುಗೆಯ ಸುತ್ತ ಬಣ್ಣ ಕೂದಲೆಳೆಯಂತೆ ಬಿರಿದಿದ್ದರೆ ಅದು ಈಗಾಗಲೇ ಸೋಲುತ್ತಿದೆ ಎಂದೇ ತಿಳಿಯಬೇಕು.

ಪದೇಪದೇ ಟ್ರ್ಯಾಕ್ಟರ್ ಸಾಗಿಸುವವರು ಬಾಡಿ ಕಟ್ಟುವವರ ಬಳಿ ಹೋಗಿ, ಚಾಸಿಗೆ ಕೂಡಿಕೊಂಡ ಅಡ್ಡಪಟ್ಟಿಗಳಿಗೆ ನಾಲ್ಕು ಮೂಲೆಯಲ್ಲೂ ದಪ್ಪ ಬಳೆ ಕೂಡಿಸಿಕೊಳ್ಳುವುದು ಒಳ್ಳೆಯದು. ಆ ಖರ್ಚು ಒಂದು ಬಾನೆಟ್ಟಿನ ಬೆಲೆಗಿಂತ ಕಡಿಮೆ.

ಟ್ರ್ಯಾಕ್ಟರಿನ ಕಡೆ ಡ್ರಾಬಾರ್ ಮತ್ತು ಅದರ ಚೌಕಟ್ಟು, ಮುಂದಿನ ವೇಟ್ ತೂಗುವ ದಪ್ಪ ಬ್ರಾಕೆಟ್, ಮುಂದಿನ ಆಕ್ಸಲ್ಲಿನ ಆಧಾರ, ಕೈಪಿಡಿಯಲ್ಲಿ ತೋರಿಸಿದ ಕಟ್ಟುವ ಜಾಗಗಳು ಯೋಗ್ಯ. ಸ್ಟೀರಿಂಗಿನ ಕಡ್ಡಿ, ಉಪಕರಣ ಎತ್ತುವ ತೋಳುಗಳು, ಮಡ್‌ಗಾರ್ಡ್, ಚಾಲಕನ ತಲೆ ಕಾಯುವ ಕಮಾನು ಇವಕ್ಕೆ ಕಟ್ಟಬಾರದು. ಕಮಾನು ಗಟ್ಟಿಯಾಗಿ ಕಾಣುವುದರಿಂದ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಅಷ್ಟು ಎತ್ತರದಿಂದ ಎಳೆದರೆ ಬೆಲ್ಟ್ ನೆಟ್ಟಗಾಗುತ್ತದೆ, ಮಗುಚಿದಾಗ ಜೀವ ಉಳಿಸಬೇಕಾದ ಕಮಾನಿಗೆ ಪೆಟ್ಟೂ ಬೀಳುತ್ತದೆ.

ಕಟ್ಟುವ ಕ್ರಮ

ಟ್ರ್ಯಾಕ್ಟರ್ ಗಾಡಿಯ ನಡುಗೆರೆಯ ಮೇಲೆ ನಿಂತಿರಲಿ, ಭಾರದ ಕೇಂದ್ರ ಪಿಕಪ್ಪಿನ ಹಿಂದಿನ ಆಕ್ಸಲ್ಲಿಗಿಂತ ಸ್ವಲ್ಪ ಮುಂದಿರಲಿ. ಎರಡು ಗಾಲಿಯ ಟ್ರೇಲರ್ ಆದರೆ ಒಟ್ಟು ಭಾರದ ಶೇಕಡಾ 10–15 ಮುಂದಿನ ಕೊಂಡಿಯ ಮೇಲೆ ಕೂರಬೇಕು. ಹಿಂದೆ ಭಾರವಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಆಚೀಚೆ ಬೀಸತೊಡಗುತ್ತದೆ. ಉಪಕರಣವನ್ನು ತಳಕ್ಕೆ ಇಳಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಲೋ ಗೇರಿಗೆ ಹಾಕಿ, ಕೀಲಿ ತೆಗೆದುಕೊಳ್ಳಬೇಕು. ಟೈರುಗಳಲ್ಲಿ ಗಾಳಿ ಸರಿಯಿರಬೇಕು. ಮೆತ್ತಗಿನ ಟೈರಿನ ಮೇಲೆ ಟ್ರ್ಯಾಕ್ಟರ್ ತೂಗಾಡಿದಷ್ಟೂ ಕಟ್ಟು ಸಡಿಲಾಗುತ್ತದೆ.

ಬೆಲ್ಟ್ ನಾಲ್ಕು, ಎರಡು ಮುಂದಕ್ಕೆ, ಎರಡು ಹಿಂದಕ್ಕೆ ಎಳೆಯುವಂತೆ, ಮೂಲೆಮೂಲೆಗೆ. ಒಂದೇ ಉದ್ದನೆಯ ಹಗ್ಗವನ್ನು ನಾಲ್ಕು ಕಡೆ ಸುತ್ತಿಸಿ ತರುವ ಅಭ್ಯಾಸ ಬಿಡಬೇಕು. ಅದು ಒಂದು ಕಡೆ ಹರಿದರೆ ನಾಲ್ಕೂ ಕಡೆ ಬಿಟ್ಟಂತೆ. ಮೊದಲು ನಾಲ್ಕನ್ನೂ ಹಗುರವಾಗಿ ಎಳೆದು, ಆಮೇಲೆ ಎದುರುಬದುರಿನ ಮೂಲೆಗಳನ್ನು ಸರದಿಯಂತೆ ಬಿಗಿಯಬೇಕು. ಟೈರಿನ ಹೊಟ್ಟೆ ತುಸು ಉಬ್ಬಿದರೆ ಸಾಕು. ರ್‍ಯಾಚೆಟ್ಟಿನ ಕಡ್ಡಿಗೆ ಬೆಲ್ಟ್ ಎರಡರಿಂದ ಮೂರು ಸುತ್ತು ಬರಬೇಕು. ಒಂದೇ ಸುತ್ತಾದರೆ ಜಾರುತ್ತದೆ, ಹೆಚ್ಚಾದರೆ ಸಿಕ್ಕಿಕೊಳ್ಳುತ್ತದೆ. ಹಿಡಿಕೆಗೆ ಪೈಪು ತೂರಿಸಿ ಜಗ್ಗಬಾರದು. ಉಳಿದ ಬಾಲವನ್ನು ಸುತ್ತಿ ಕಟ್ಟಬೇಕು, ಇಲ್ಲವಾದರೆ ಅದು ಗಾಡಿಯ ಗಾಲಿಗೇ ಸುತ್ತಿಕೊಂಡೀತು. ಚೂಪು ಅಂಚಿಗೆ ಬೆಲ್ಟ್ ತಾಗುವ ಕಡೆ ಹಳೇ ಟ್ಯೂಬಿನ ತುಂಡು ಇಟ್ಟರೆ ಸಾಕು.

ಗಾಲಿಗೆ ಕೊಡುವ ಬೆಣೆ ಮರದ್ದಾಗಿರಲಿ, ಮೊಳೆಯಿಂದಲೋ ಪಟ್ಟಿಯಿಂದಲೋ ತಳಕ್ಕೆ ನಿಂತಿರಲಿ. ಬಿಡಿ ಕಲ್ಲು ಎರಡನೇ ಹಂಪಿಗೇ ಜಾಗ ಬಿಡುತ್ತದೆ. ಬಿಚ್ಚಿಟ್ಟ ರೋಟವೇಟರಿಗೂ ಬೇರೆ ಕಟ್ಟು ಬೇಕು. ಅದು ಟ್ರ್ಯಾಕ್ಟರಿಗೆ ಒರಗಿ ನಿಂತಿದೆ ಎಂಬುದು ಕಟ್ಟಾಗುವುದಿಲ್ಲ.

ಪವರ್ ಟಿಲ್ಲರ್ ಆದರೆ ಎರಡೇ ಗಾಲಿ, ತಾನಾಗಿ ನಿಲ್ಲುವುದಿಲ್ಲ. ಮುಂದಿನ ಸ್ಟ್ಯಾಂಡನ್ನು ಮಾತ್ರ ನೆಚ್ಚದೆ ಎಂಜಿನ್ ಚೌಕಟ್ಟಿನ ಕೆಳಗೆ ದಿಮ್ಮಿ ಕೊಟ್ಟು ಕಟ್ಟಬೇಕು. ಹಿಡಿಕೆಗಳಿಗೆ ಕಟ್ಟಿದರೆ ಅವು ಬಾಗುತ್ತವೆ.

ದಾರಿಯಲ್ಲಿ

ಹೊರಟು ಐದಾರು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ನಾಲ್ಕೂ ಬೆಲ್ಟ್ ಮುಟ್ಟಿ ನೋಡಬೇಕು. ಮೊದಲ ಕುಲುಕಾಟಕ್ಕೆ ಟೈರು ಕೂತು ಬೆಲ್ಟ್ ಸಡಿಲಾಗುವುದು ಸಹಜ. ಅಮೆರಿಕದಲ್ಲಿ ಟ್ರಕ್ ಚಾಲಕ ಮೊದಲ 50 ಮೈಲಿಯೊಳಗೆ, ಆಮೇಲೆ 150 ಮೈಲಿ ಅಥವಾ ಮೂರು ಗಂಟೆಗೊಮ್ಮೆ ಸರಕು ನೋಡಬೇಕೆಂದು ನಿಯಮವೇ ಇದೆ. ಊರೂರಿಗೆ ಹಂಪು ಇರುವ ನಮ್ಮ ರಸ್ತೆಗೆ 50 ಮೈಲಿ ತೀರಾ ದೂರವಾಯಿತು. ಹಿಮ್ಮುಖವಾಗಿ ಏರಿಸಿದ್ದರೆ ಗಾಳಿ ಬಾನೆಟ್ಟಿನ ಹಿಂಬದಿಯಿಂದ ಹೊಡೆಯುತ್ತದೆ. ಅದರ ಚಿಲಕವನ್ನೂ ನೋಡಿಕೊಳ್ಳಿ. ಟ್ರ್ಯಾಕ್ಟರ್ ಸೀಟಿನ ಮೇಲೆ ಯಾರನ್ನೂ ಕೂರಿಸಿಕೊಂಡು ಹೋಗಬಾರದು, "ಬ್ರೇಕ್ ಹಿಡ್ಕೊಂಡಿರ್ತಾನೆ" ಎಂದು ಕೆಲಸದ ಹುಡುಗನನ್ನಂತೂ ಕೂರಿಸಲೇಬಾರದು.

ಇಳಿಸುವಾಗ

ಗಾಡಿ ಸಮತಟ್ಟು ಜಾಗದಲ್ಲಿ ನಿಂತಿದೆಯೇ ನೋಡಿ, ಹಿಂಬದಿಗೆ ದಿಮ್ಮಿ ಕೊಟ್ಟ ಮೇಲೆಯೇ ಬೆಲ್ಟ್ ಬಿಚ್ಚಬೇಕು. ದಾರಿಯಲ್ಲಿ ಟ್ರ್ಯಾಕ್ಟರ್ ಒಂದು ಕಡೆ ಸರಿದಿದ್ದರೆ ಆ ಬದಿಯ ಬೆಲ್ಟ್ ಮೇಲೆ ಭಾರ ಒರಗಿರುತ್ತದೆ. ಅದನ್ನು ಕೊನೆಗೆ ಬಿಚ್ಚಿ, ಬಿಚ್ಚುವಾಗ ಎದುರಿಗೆ ನಿಲ್ಲಬೇಡಿ. ಹಿಮ್ಮುಖವಾಗಿ ಏರಿಸಿದ್ದ ಟ್ರ್ಯಾಕ್ಟರ್ ಮುಂದಾಗಿ ಇಳಿಯುತ್ತದೆ, ಅದೇ ಲೋ ಗೇರಿನಲ್ಲಿ, ಪೆಡಲುಗಳು ಜೋಡಿಸಿದಂತೆಯೇ ಇರಲಿ. ಬೆಲ್ಟುಗಳ ಕೆಸರನ್ನು ಬರೀ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಡೀಸೆಲ್ ತಾಗದ ಕಡೆ ಸುತ್ತಿಡಬೇಕು. ರ್‍ಯಾಚೆಟ್ಟಿನ ಹಲ್ಲಿಗೆ ಒಂದು ಹನಿ ಎಣ್ಣೆ ಬಿಡಿ.