ಕಣಕಿಯಿಂದ ರಸಮೇವಿನವರೆಗೆ

ಪುಣೆ ಜಿಲ್ಲೆಯ ಸಾಸವಡದ ಇತಿಹಾಸವೆಂದರೆ ಜನ ಸೋಪಾನದೇವರ ಸಮಾಧಿ, ಪುರಂದರೆ ವಾಡೆ, 1720ರಲ್ಲಿ ಇಲ್ಲೇ ತೀರಿಕೊಂಡ ಪೇಶ್ವೆ ಬಾಳಾಜಿ ವಿಶ್ವನಾಥ ಎನ್ನುತ್ತಾರೆ. ಇಂಡಿ ತಾಲೂಕಿನಿಂದ ಈ ಊರಿಗೆ ಸೊಸೆಯಾಗಿ ಬಂದು ದನ ಕಟ್ಟಿದ ನನಗೆ ಇಲ್ಲಿನ ಮೇವಿನ ಇತಿಹಾಸವೇ ದೊಡ್ಡದು.

ಸಹ್ಯಾದ್ರಿಯ ಮಳೆ ಪಶ್ಚಿಮದಲ್ಲೇ ಸುರಿದು ಮುಗಿಯುತ್ತದೆ. ಕರ್ಹಾ ನದಿಯ ಈ ದಂಡೆಗೆ ಉಳಿಯುವುದು ಸ್ವಲ್ಪ. ಹಾಗಾಗಿ ಇಲ್ಲಿಯೂ ನಮ್ಮ ವಿಜಾಪುರದ ಕಡೆಯಂತೆ ಹಿಂಗಾರಿ ಜೋಳ, ಅದರ ಒಣ ದಂಟು ಅಂದರೆ ಕಣಕಿ, ಕಣಕಿಯ ಬಣವಿ. ಬಣವಿ ಎಷ್ಟು ಎತ್ತರವೋ ಮನೆತನಕ್ಕೆ ಅಷ್ಟು ಧೈರ್ಯ. 1972ರ ಬರ ಆ ಧೈರ್ಯವನ್ನೇ ಮುರಿಯಿತು. ಆದರೂ "ಮೇವು ಒಣಗಬೇಕು, ಹಸಿ ಮುಚ್ಚಿಟ್ಟರೆ ಕೊಳೀತದ" ಎಂದು ನಮ್ಮ ಅತ್ತೆ ಕಡೆತನಕ ಹೇಳುತ್ತಿದ್ದರು.

ಘಾಟಿನ ಆಚೆ ಉರುಳಿಕಾಂಚನದಲ್ಲಿ ಮಣಿಭಾಯಿ ದೇಸಾಯಿ 1967ರಲ್ಲಿ ಬೈಫ್ ಎಂಬ ಸಂಸ್ಥೆ ಕಟ್ಟಿದರು. ಅದರಿಂದ ಮಿಶ್ರತಳಿ ಆಕಳು ಹಟ್ಟಿಗೆ ಬಂತು, ಹಾಲು ಹೆಚ್ಚಿತು. ಆದರೆ ಅಂಥ ಆಕಳು ಬರೀ ಕಣಕಿಯ ಮೇಲೆ ಹಾಲು ಹಿಡಿಯುವುದಿಲ್ಲ. ಬೇಸಿಗೆಗೂ ಹಸಿರು ಬೇಕಾಯಿತು. ಇಲ್ಲಿನವರು ಮುರ್‌ಘಾಸ ಅನ್ನುವ ರಸಮೇವು ಬೇರೂರಿದ್ದು ಈ ಹಸಿವಿನಿಂದಲೇ ಎಂದು ನನ್ನ ನಂಬಿಕೆ.

ಗೋವಿನಜೋಳದ ಕಾಳು ಹಾಲುಗಟ್ಟಿ ಗಟ್ಟಿಯಾಗತೊಡಗಿದಾಗ ಕೊಯ್ದು, ಬೆರಳಿನ ಗೆಣ್ಣಿನಷ್ಟು ಕತ್ತರಿಸಿ, ಗುಂಡಿಯಲ್ಲಿ ಪದರ ಪದರವಾಗಿ ತುಳಿಯಬೇಕು. ಗಾಳಿ ಹೋದರೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಮೇವಿನ ಸಕ್ಕರೆ ತಿಂದು ಹುಳಿ ಮಾಡುತ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿದರೆ ಕೊಳೆಸುವ ಜೀವಿಗಳು ಸೋಲುತ್ತವೆ. ಈ ಹುಳಿಯ ಕೆಲಸವನ್ನು ಪಾಶ್ಚರ್ 1857ರಲ್ಲೇ ಸೂಕ್ಷ್ಮಜೀವಿಗಳದೆಂದು ತೋರಿಸಿದ್ದ. ಫಿನ್ಲೆಂಡಿನ ವಿಜ್ಞಾನಿ ವಿರ್ಟಾನೆನ್ ಹೊರಗಿನಿಂದ ಆಮ್ಲ ಸುರಿದೇ ಮೇವು ಕಾಯ್ದ; 1945ರಲ್ಲಿ ಅವನಿಗೆ ನೊಬೆಲ್ ಬಂತು. ಈಗ ಆಮ್ಲದ ಬದಲು ಬ್ಯಾಕ್ಟೀರಿಯಾವನ್ನೇ ನೀರಲ್ಲಿ ಕದಡಿ ಚಿಮುಕಿಸುತ್ತೇವೆ, ಒಂದು ಗ್ರಾಂ ಮೇವಿಗೆ ಸುಮಾರು 1 ಲಕ್ಷ ಜೀವಕಣ.

ಈ ಬ್ಯಾಕ್ಟೀರಿಯಾದಲ್ಲೂ ಮುಖ್ಯವಾಗಿ ಎರಡು ಜಾತಿ. ಪ್ಲಾಂಟಾರಮ್ ಬೇಗ ಹುಳಿ ತರುತ್ತದೆ. ಬುಕ್ನೆರಿ ನಿಧಾನ, ಆದರೆ ಅಸಿಟಿಕ್ ಆಮ್ಲವನ್ನೂ ಮಾಡುತ್ತದೆ. ಅದು ಬೂಸ್ಟು, ಯೀಸ್ಟು ತಡೆಯುತ್ತದೆ. ಏಪ್ರಿಲ್‌ನಲ್ಲಿ ಗುಂಡಿಯ ಬಾಯಿ ತೆರೆದು ಎರಡು ಆಕಳಿಗೆ ದಿನಕ್ಕೆ ಸ್ವಲ್ಪವೇ ತೆಗೆದರೆ ಗಾಳಿ ಹೊಕ್ಕು, ಮೂರನೆಯ ದಿನ ಒಳಗೆ ಕೈ ಹಾಕಿದಾಗ ಮೇವು ಬಿಸಿಯಾಗಿರುತ್ತದೆ, ಅಂಚಿನಲ್ಲಿ ಬಿಳಿ ಬೂಸ್ಟು. ನಮ್ಮಂಥ ಸಣ್ಣ ಹಟ್ಟಿಗೆ ಬುಕ್ನೆರಿ ಬೇಕಾಗುವುದು ಇಲ್ಲಿ. ಕಂಪನಿಯವರು ಮಾರುವ ಬ್ಯಾಕ್ಟೀರಿಯಾ ಪುಡಿಯ ಪೊಟ್ಟಣದ ಮೇಲೆ ಅದರ ಹೆಸರಿದೆಯೇ ಎಂದು ಓದುವವರು ಕಮ್ಮಿ.

ಗುಂಡಿ ಸಡಿಲವಾಗಿದ್ದರೆ ಯಾವ ಪುಡಿಯೂ ಕಾಯುವುದಿಲ್ಲ. ಮೇವು ಕೊಳೆಯಬಾರದೆಂಬ ಅತ್ತೆಯ ಮಾತು ಸರಿಯೇ ಇತ್ತು. ದನ ಕಟ್ಟಿದವರೇ, ಪುಡಿಗೆ ದುಡ್ಡು ಹಾಕುವ ಮೊದಲು ಗುಂಡಿ ತುಳಿಯಲು ಇನ್ನೆರಡು ಆಳು ಹಚ್ಚಿರಿ.